ಧೈರ್ಯದ ಮಾತ್ರೆ, ಬೀಗರ ಕಾಫಿ

ಬೀಗರಿಗೆ ಕಾಫಿ ಕುಡಿದು ಬನ್ನಿ ಎಂದು ಉಪಚಾರ ಮಾಡಿದ್ದಕ್ಕೆ ಯಾರಾದರೂ ನಾಚಿಕೆಪಡುತ್ತಾರೆಯೇ?

ನಾನು ಪಡುತ್ತಿದ್ದೇನೆ. ಎಷ್ಟು ಎಂದರೆ, ಕಳೆದ ಎರಡು ವಾರ ಈ ಅಂಕಣ ಬರೆಯಲು ಕೂತವನು ಪೆನ್ನಿನ ಕ್ಯಾಪು ತೆಗೆಯದೆಯೇ ಎದ್ದುಬಿಟ್ಟೆ. ‘ಅಂಕಣಕಾರರು ಪ್ರವಾಸದಲ್ಲಿದ್ದಾರೆ’ ಎಂದು ಹಾಕಿ ಸಂಪಾದಕರು ನನ್ನ ಮಾನ ಉಳಿಸಿದರು. ಎಲ್ಲಿಯ ಪ್ರವಾಸ ಸ್ವಾಮಿ? ಜಯನಗರದ ನಮ್ಮ ಮನೆಯಿಂದ ಹತ್ತಿರದ ನರ್ಸಿಂಗ್ ಹೋಮಿಗೆ, ಅಲ್ಲಿಂದ ವಾಪಸ್ ಮನೆಗೆ. ಅಷ್ಟೇ.

ಈ ಕಥೆ ಹೇಳಬೇಕಾದರೆ ಗಣೇಶನ ಹಬ್ಬದ ಹೊತ್ತಿಗೆ ನಾನು ಇದೇ ಜಾಗದಲ್ಲಿ ಬರೆದ ಇನ್ನೊಂದು ಬರಹದಿಂದ ಶುರು ಮಾಡಬೇಕು. ಹೆಸರು ‘ಧೈರ್ಯದ ಮಾತ್ರೆ’. ನಿಮ್ಮಲ್ಲಿ ಕೆಲವರಿಗಾದರೂ ನೆನಪಿರುತ್ತದೆ. (ಮರೆತಿದ್ದರೆ ಒಳ್ಳೆಯದೇ ಆಯಿತು.)

ನಾನು ಕಾಗದದ ಮೇಲೆ ಹುಲಿ, ಮೈಕಿನ ಮುಂದೆ ಇಲಿ. ಗಣೇಶೋತ್ಸವದವರು ಹಾಸ್ಯ ಭಾಷಣಕ್ಕೆ ಕರೆದರೆ ಸಾಕು, ಎದೆ ಡವಡವ, ಕೈ ಗಡಗಡ. ಟಿಪ್ಪಣಿ ಬರೆದುಕೊಂಡ ಚೀಟಿ ನನ್ನ ಕೈಯಲ್ಲಿ ಪಟಪಟ ಸದ್ದು ಮಾಡುವುದು ಮೈಕಿನಲ್ಲಿ ಇಡೀ ಬಡಾವಣೆಗೆ ಕೇಳಿಸುತ್ತಿತ್ತು. ವಿಲ್ಸನ್ ಗಾರ್ಡನ್ನಿನಲ್ಲಿ ಕ್ಲಿನಿಕ್ ಇಟ್ಟಿರುವ ನನ್ನ ಹಳೆಯ ಗೆಳೆಯ ನನ್ನ ಎದೆ, ಬಿ.ಪಿ. ಎಲ್ಲ ಪರೀಕ್ಷೆ ಮಾಡಿ ಒಂದು ಪುಟ್ಟ ಮಾತ್ರೆ ಬರೆದುಕೊಟ್ಟ. ಬೀಟಾ ಬ್ಲಾಕರ್ ಅನ್ನುವ ಜಾತಿಯದು. ಬಿ.ಪಿ. ಇದ್ದವರಿಗೆ, ಎದೆನೋವಿನವರಿಗೆ ಕೊಡುವ ಔಷಧಿ. ಎದೆಬಡಿತದ ಓಟ ತಗ್ಗಿಸುತ್ತದೆ, ಕೈ ನಡುಕ ನಿಲ್ಲಿಸುತ್ತದೆ.

"ಭಾಷಣಕ್ಕೆ ಮುಂಚೆ ಒಂದು ತಗೋ. ಬೇರೆ ಯಾರಿಗೂ ಕೊಡ್ಬೇಡ, ದಾನಶೂರ ಕರ್ಣ ಆಗ್ಬೇಡ" ಎಂದಿದ್ದ. ನನ್ನನ್ನು ಚೆನ್ನಾಗಿ ಬಲ್ಲವನು.

ನುಂಗಿದೆ. ಆ ಸಂಜೆ ಪೆಂಡಾಲಿನಲ್ಲಿ ಜನ ಬಿದ್ದು ಬಿದ್ದು ನಕ್ಕರು. ನಾನು ಮನೆಗೆ ಬಂದವನೇ ಅಂಕಣ ಬರೆದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಇಂಟರ್‌ವ್ಯೂಗೆ ಹೋಗುವ ಹುಡುಗ, ಹೆಣ್ಣು ನೋಡಲು ಹೋಗುವ ಗಂಡು, ಹೆರಿಗೆಗೆ ಹೋಗುವ ಹೆಣ್ಣು, ಇವರಿಗೆಲ್ಲ ಸರಕಾರ ರೇಷನ್ ಅಂಗಡಿಯಲ್ಲಿ ತಲೆಗೊಂದು ಧೈರ್ಯದ ಮಾತ್ರೆ ಹಂಚಬೇಕು.’

ಹೆರಿಗೆಗೆ ಹೋಗುವ ಹೆಣ್ಣನ್ನು ಅಲ್ಲಿಗೆ ಯಾಕೆ ಎಳೆದು ತಂದೆ ಎಂದು ಕೇಳಿ. ಎರಡು ಉದಾಹರಣೆಗೆ ವಾಕ್ಯ ಮೊಟಕಾಗಿ ಕಾಣುತ್ತಿತ್ತು. ಮೂರಾದರೆ ಓಟ ಚೆನ್ನಾಗಿರುತ್ತದೆ. ಅದೊಂದೇ ಕಾರಣ. ಆ ಮಾತ್ರೆ ಬಸುರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಏನು ಮಾಡುತ್ತದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಕೇಳಬೇಕು ಎಂದೂ ಅನ್ನಿಸಿರಲಿಲ್ಲ.

ಓದುಗರು ಮೆಚ್ಚಿ ಬರೆದರು. ಮಾತ್ರೆಯ ಹೆಸರೇನು ಸಾರ್ ಎಂದು ಕೇಳಿದವರೂ ಇದ್ದರು. ಅಡ್ರೆಸ್ ಬರೆದ ಕವರು ಜೊತೆಗಿಟ್ಟವರಿಗೆ ಹೆಸರು ಬರೆದು ಕಳಿಸಿದೆ. ಸಮಾಜಸೇವೆ ನೋಡಿ!

ಈಗ ಮಗಳ ವಿಷಯಕ್ಕೆ ಬರುತ್ತೇನೆ. ವತ್ಸಲ ನಮ್ಮ ಒಬ್ಬಳೇ ಮಗಳು. ಚೊಚ್ಚಲ ಬಸುರಿ. ಅತ್ತೆಮನೆ ಬನಶಂಕರಿ ಎರಡನೇ ಸ್ಟೇಜು. ಹಾಗಾಗಿ ಹೆರಿಗೆಗೆ ತವರಿಗೆ ಬಂದಳು ಎಂದರೆ ಒಂದು ಆಟೋದಲ್ಲಿ ಸೂಟ್‌ಕೇಸು ಇಟ್ಟುಕೊಂಡು ಬಂದಳು, ಮೀಟರು ಬಿಸಿಯಾಗುವ ಮುಂಚೆ ಇಳಿದಳು, ಅಷ್ಟೇ. ಬೀಗರು ಇಷ್ಟು ಹತ್ತಿರ ಇರುವುದು ಒಂದು ಅನುಕೂಲ. ಬೀಗರು ಇಷ್ಟು ಹತ್ತಿರ ಇರುವುದು ಒಂದು ತಲೆನೋವು ಕೂಡ. ಯಾವ ಗಳಿಗೆಯಲ್ಲಿ ಗೇಟು ಕಿರ್ ಅನ್ನುತ್ತದೋ ಎಂದು ಸೋಫಾದ ಮೇಲೆ ಯಾವಾಗಲೂ ಒಗೆದ ಬೆಡ್‌ಶೀಟು ಹಾಸಿರಬೇಕು.

ನಿಜ ಹೇಳಬೇಕೆಂದರೆ ನಮ್ಮ ಬೀಗರು ದೇವರಂಥ ಮನುಷ್ಯ. ಅಂಚೆ ಇಲಾಖೆಯಿಂದ ರಿಟೈರಾದವರು. ನಾನು ಹತ್ತು ಮಾತಾಡಿದರೆ ಅವರು ಒಂದು. ಬೀಗಿತ್ತಿಯೂ ಹಾಗೆಯೇ. ಬಂದಾಗೆಲ್ಲ ಡಬ್ಬಿಯಲ್ಲಿ ಕೊಡುಬಳೆಯೋ ನಿಪ್ಪಟ್ಟೋ ತರುತ್ತಿದ್ದರು. ಆದರೆ ಬೀಗರು ಬೀಗರೇ ತಾನೆ? ಅವರ ಮುಂದೆ ನಮ್ಮ ಮನೆಯ ನಲ್ಲಿಯೂ ತೊಟ್ಟಿಕ್ಕಬಾರದು.

ಹಾಗಿರುವಾಗ ಮಗಳು ಕೂಗಬಹುದೇ?

ನಮ್ಮ ಮನೆಯಲ್ಲಿ ಒಂದು ದೊಡ್ಡಸ್ತಿಕೆ ಉಂಟು. ಈ ಮನೆತನದ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಕೂಗುವುದಿಲ್ಲ. ನನ್ನ ತಾಯಿ ಈ ವಿಷಯ ಎತ್ತಿದರೆ ನಿಲ್ಲಿಸುತ್ತಿರಲಿಲ್ಲ. "ಐದು ಹೆತ್ತೆ ಕಣೇ ವತ್ಸು. ಪಕ್ಕದ ಮನೆಯೋರಿಗೆ ಗೊತ್ತಾಗಿದ್ದು ನಾಮಕರಣಕ್ಕೆ ಕರೆದಾಗ್ಲೇ. ಈಗಿನ ಹುಡುಗೀರು ಬೀದಿ ಒಂದು ಮಾಡ್ತಾರೆ" ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಿದ್ದೆ. ಭಾಷಣಗಳಲ್ಲೂ ಇದನ್ನು ಬಳಸಿದ್ದೇನೆ. ಚಪ್ಪಾಳೆ ಬಿದ್ದಿದೆ.

ವತ್ಸಲ ಪುಕ್ಕಲು ಹುಡುಗಿ. ಇಂಜೆಕ್ಷನ್ ಎಂದರೆ ಕಣ್ಣು ಮುಚ್ಚುವವಳು. ತಿಂಗಳು ತುಂಬುತ್ತಾ ಬಂದ ಹಾಗೆ ಅವಳ ಕೊರಗು ಒಂದೇ. ನೋವು ತಡೆಯುವುದು ಹೇಗೆ ಎಂದಲ್ಲ. "ಅತ್ತೆ ಮಾವ ಹೊರಗೇ ಕೂತಿರ್ತಾರಲ್ಲಮ್ಮ. ನಾನು ಕಿರುಚಿಬಿಟ್ರೆ?" ಎಂದು ಅವರಮ್ಮನನ್ನು ಕೇಳುತ್ತಿದ್ದಳಂತೆ.

ಆ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಕನ್ನಡಿ ತೂಗುಹಾಕಿಕೊಂಡು ಗಡ್ಡ ಕೆರೆಯುತ್ತಿದ್ದೆ. ವತ್ಸಲ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಅಪ್ಪ, ನಿನ್ನ ಧೈರ್ಯದ ಮಾತ್ರೆ ನಂಗೂ ಆಗತ್ತಾ?"

ನಾನು ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡವನು ಏನು ಹೇಳಿದೆ ಗೊತ್ತೇ? "ಧಾರಾಳವಾಗಿ ತಗೋ ಮಗಳೇ. ನಿಮ್ಮತ್ತೆಗೂ ಒಂದು ಕೊಡು!"

ಅವಳು ನಕ್ಕಳು. ನನ್ನ ಜೋಕಿಗೆ ಯಾರಾದರೂ ನಕ್ಕರೆ ಆ ವಿಷಯ ಅಲ್ಲಿಗೆ ಮುಗಿಯಿತು ಎಂದು ನನ್ನ ಲೆಕ್ಕ. ಮತ್ತೆ ಕನ್ನಡಿ ಕಡೆ ತಿರುಗಿದೆ. ಅವಳಿಗೆ ಆಗಲೇ ಸಣ್ಣಗೆ ನೋವು ಶುರುವಾಗಿತ್ತು. ಅದನ್ನೂ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಲ್ಲವನ್ನೂ ತಮಾಷೆ ಮಾಡುವ ಅಪ್ಪನ ಹತ್ತಿರ ಮಕ್ಕಳು ನಿಜವಾದ ಪ್ರಶ್ನೆ ಕೇಳುವುದು ಹೇಗೆ ಹೇಳಿ? ಕೇಳಿದರೂ ಉತ್ತರ ತಮಾಷೆಯೋ ಅಪ್ಪಣೆಯೋ ಎಂದು ಅವರಿಗೆ ಗೊತ್ತಾಗುವುದು ಹೇಗೆ?

ಊಟದ ಹೊತ್ತಿಗೆ ನೋವು ಜೋರಾಯಿತು. ನನ್ನ ಹೆಂಡತಿ ಶಾಂತಾ ಫ್ಲಾಸ್ಕು, ಹಳೇ ಸೀರೆ ಎಲ್ಲ ಚೀಲಕ್ಕೆ ತುಂಬಿದಳು. ನಾನು ಆಟೋ ಕರೆತಂದೆ. ಬೀಗರಿಗೆ ಎದುರು ಮನೆಯವರ ಫೋನಿನಿಂದ ಸುದ್ದಿ ಕೊಟ್ಟೆ. ಅಳಿಯ ಆಡಿಟ್ ಕೆಲಸದ ಮೇಲೆ ಧಾರವಾಡದಲ್ಲಿದ್ದರು. ನಾವು ನರ್ಸಿಂಗ್ ಹೋಮ್ ಮುಟ್ಟಿ ಸ್ವಲ್ಪ ಹೊತ್ತಿಗೆ ಬೀಗರೂ ಬೀಗಿತ್ತಿಯೂ ಬಂದು ವರಾಂಡದ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು.

ಮೊದಲಿಗೆ ಎಲ್ಲ ಸೊಗಸಾಗಿತ್ತು. ಒಳಗಿಂದ ಒಂದು ಕೂಗಿಲ್ಲ. ಸಿಸ್ಟರ್ ಹೊರಗೆ ಬಂದು, "ಎಂಥಾ ಸಮಾಧಾನದ ಹುಡುಗಿ ಸಾರ್! ಇಷ್ಟು ನೋವಿನಲ್ಲೂ ಪಲ್ಸ್ ಎಷ್ಟು ನಿಧಾನ ಗೊತ್ತಾ? ಮಲಗಿ ನಿದ್ದೆ ಮಾಡ್ತಿರೋರ ಥರ" ಎಂದರು.

ನಾನು ಬೀಗರ ಕಡೆ ತಿರುಗಿ ಎದೆ ಉಬ್ಬಿಸಿದೆ. "ನಮ್ಮ ಮನೆತನ ಬೀಗರೇ. ನಮ್ಮ ಹೆಣ್ಮಕ್ಕಳು ಕೂಗೋಲ್ಲ."

ಬೀಗಿತ್ತಿ, "ನಮ್ಮ ವತ್ಸಲ ಬಂಗಾರ ಬಿಡಿ" ಎಂದರು. ನನಗೆ ಆ ಬೆಂಚು ಸಿಂಹಾಸನವಾಯಿತು.

ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರಮ್ಮ ಬಾಗಿಲಿಗೆ ಬಂದರು. ನಡುವಯಸ್ಸಿನವರು, ನಗುಮುಖದವರು. ಆಗ ಮುಖದಲ್ಲಿ ನಗು ಇರಲಿಲ್ಲ.

"ಮಗೂದು ಹಾರ್ಟ್ ಬೀಟ್ ಯಾಕೋ ನಿಧಾನ ಆಗ್ತಿದೆ. ಮನೇಲಿ ಏನಾದ್ರೂ ಮಾತ್ರೆ ಕೊಟ್ಟಿದ್ದೀರಾ? ಬಿ.ಪಿ.ದು, ನಿದ್ದೇದು, ಏನಾದ್ರೂ?"

"ಟಾನಿಕ್ಕು, ಐರನ್ ಮಾತ್ರೆ ಬಿಟ್ರೆ ಏನೂ ಇಲ್ಲ ಡಾಕ್ಟ್ರೇ" ಎಂದಳು ಶಾಂತಾ. ನಾನೂ ಇಲ್ಲ ಎಂದು ತಲೆಯಾಡಿಸಿದೆ. ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಳಗಿದ್ದ ವತ್ಸಲಳನ್ನು ಕೇಳಿದಾಗ ಅವಳೂ ಇಲ್ಲ ಎಂದಿದ್ದಳಂತೆ. ಅವಳು ಅದನ್ನು ಔಷಧಿ ಎಂದೇ ಎಣಿಸಿರಲಿಲ್ಲ. ಅಪ್ಪನ ತಮಾಷೆ ಮಾತ್ರೆ ತಾನೆ?

ಕಾಯುವ ಹಾಗಿರಲಿಲ್ಲ. ಇಕ್ಕಳ ಹಾಕಿ ಮಗುವನ್ನು ತೆಗೆದರು. ಸಿಸ್ಟರ್ ತಲೆ ಹೊರಗೆ ಹಾಕಿ "ಹೆಣ್ಣುಮಗು" ಎಂದವರೇ ಒಳಗೆ ಓಡಿದರು.

ನಾವು ನಾಲ್ವರೂ ಕಿವಿ ನಿಮಿರಿಸಿ ಕೂತೆವು. ಬೀಗಿತ್ತಿ ಮೆಲ್ಲಗೆ, "ಅಳು ಕೇಳಿಸ್ಲೇ ಇಲ್ವಲ್ಲ?" ಎಂದರು.

ಅದಕ್ಕೆ ನಾನು ಕೊಟ್ಟ ಉತ್ತರವನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ. "ಹೇಳಿದ್ನಲ್ಲ, ನಮ್ಮ ಮನೆ ಹೆಣ್ಮಕ್ಕಳು ಕೂಗೋಲ್ಲ ಅಂತ" ಎಂದೆ. ಹೇಳಿ ನಕ್ಕೆ.

ಯಾರೂ ನಗಲಿಲ್ಲ. ಶಾಂತಾ ನನ್ನನ್ನು ನೋಡಿದ ನೋಟಕ್ಕೆ ನಾನು ಅಲ್ಲೇ ಭೂಮಿಗಿಳಿದು ಹೋಗಬೇಕಿತ್ತು. ಬಾಗಿಲ ಸಂದಿಯಿಂದ ಆಕ್ಸಿಜನ್ ಸಿಲಿಂಡರ್ ಉರುಳಿಸುವ ಸದ್ದು ಬಂತು. ಯಾರೋ ಬೆನ್ನು ತಟ್ಟುತ್ತಿದ್ದರು, ಅಂಗಾಲಿಗೆ ಹೊಡೆಯುತ್ತಿದ್ದರು. ಅಳು ಮಾತ್ರ ಇಲ್ಲ. ಶಾಂತಾ ಎದ್ದು ಹೋಗಿ ಆ ಬಾಗಿಲಿಗೇ ಅಂಟಿ ನಿಂತಳು.

ನನ್ನ ಎದೆ ಶುರುವಾಯಿತು. ಡವಡವ ಡವಡವ. ಕೈ ತಾನಾಗಿ ಹೆಗಲಿನ ಚೀಲಕ್ಕೆ ಹೋಯಿತು. ಹಿಂದಿನ ಸಂಜೆಯಷ್ಟೇ ಕೊಂಡಿದ್ದ ಧೈರ್ಯದ ಮಾತ್ರೆಯ ಹೊಸ ಸ್ಟ್ರಿಪ್ಪು ಅದರಲ್ಲಿತ್ತು. ಹೊರಗೆ ತೆಗೆದೆ. ಮೂರು ಮಾತ್ರೆ ಇರಲಿಲ್ಲ.

ನಾನು ಒಂದನ್ನೂ ತೆಗೆದುಕೊಂಡಿರಲಿಲ್ಲ.

ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಹಿತ್ತಲ ಬಾಗಿಲು, ಸೋಪಿನ ನೊರೆ, ‘ಧಾರಾಳವಾಗಿ ತಗೋ ಮಗಳೇ.’ ಮಗುವಿನ ಎದೆ ಯಾಕೆ ನಿಧಾನವಾಯಿತು ಎಂಬ ಪ್ರಶ್ನೆಗೆ ಉತ್ತರ ನನ್ನ ಕೈಯಲ್ಲೇ ಇತ್ತು. ಡಾಕ್ಟರಮ್ಮ ಆ ಬಾಗಿಲ ಆಚೆ ಅದೇ ಉತ್ತರಕ್ಕಾಗಿ ತಡಕಾಡುತ್ತಿದ್ದರು. ನಾನು ಎದ್ದು ಹೋಗಿ ಬಾಗಿಲು ಬಡಿದು ಹೇಳಬೇಕಿತ್ತು. ಹತ್ತು ಹೆಜ್ಜೆಯೂ ಇರಲಿಲ್ಲ.

ನಾನು ಎದ್ದೆನೇ?

ಇಲ್ಲ. ಸ್ಟ್ರಿಪ್ಪನ್ನು ಮೆಲ್ಲಗೆ ಚೀಲದೊಳಕ್ಕೆ ತಳ್ಳಿದೆ. ಯಾಕೆಂದರೆ ನನ್ನ ಎಡಕ್ಕೆ ಬೀಗರು ಕೂತಿದ್ದರು.

ಅವರ ಮುಂದೆ ಹೇಗೆ ಹೇಳಲಿ? ನಿಮ್ಮ ಮೊಮ್ಮಗಳಿಗೆ ಹೀಗಾಗಿದ್ದು ನನ್ನ ಮಾತ್ರೆಯಿಂದ ಎಂದರೆ ಅವರು ಏನೆಂದುಕೊಳ್ಳುತ್ತಾರೆ? ಹೆಸರಾಂತ ಅಂಕಣಕಾರ, ಮನೆತನ, ಮರ್ಯಾದೆ! ಅಂಥ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಓಡುತ್ತಿದ್ದುದು ಇಷ್ಟೇ. ನಾನು ಬೀಗರ ಕಡೆ ತಿರುಗಿ, ಸಾಧ್ಯವಾದಷ್ಟು ಸಲೀಸಾದ ದನಿಯಲ್ಲಿ ಹೇಳಿದೆ.

"ಬೀಗರೇ, ಆಗಿನಿಂದ ಕೂತಿದ್ದೀರಿ. ಎದುರುಗಡೆ ಹೋಟ್ಲಿದೆ. ಇಬ್ಬರೂ ಹೋಗಿ ಒಂದು ಕಾಫಿ ಕುಡ್ಕೊಂಡ್ ಬನ್ನಿ."

"ಬೇಡಿ ರಾಯರೇ. ಮನೇಲಿ ಕುಡಿದೇ ಹೊರಟಿದ್ದು" ಎಂದರು ಬೀಗರು.

"ಅಯ್ಯೋ, ಅದು ಯಾವ ಕಾಲದ್ದು? ಹೋಗ್ಬನ್ನಿ ಅಂದ್ರೆ."

"ಈಗ ಎಲ್ಲಿ ಕಾಫಿ ರಾಯರೇ, ಮಗು ಸುದ್ದಿ ಬರ್ಲಿ" ಎಂದರು ಬೀಗಿತ್ತಿ.

ನೋಡಿ, ಅವರಿಗೆ ಇದ್ದ ಚಿಂತೆ ಮಗುವಿನದು. ನಾನು ಬಿಡಲಿಲ್ಲ. ನೀವು ಹೀಗೆ ಬಾಯಿ ಒಣಗಿಸಿಕೊಂಡು ಕೂತರೆ ನನಗೆ ಸಂಕಟ, ನಮ್ಮನೆ ಕಡೆಯಿಂದ ಉಪಚಾರ ಆಗಲಿಲ್ಲ ಅನ್ನಿಸುತ್ತದೆ, ಹಾಗೆ ಹೀಗೆ ಎಂದು ಗೋಗರೆದೆ. ಬೀಗರ ಮರ್ಯಾದೆ ದೊಡ್ಡದು. ಬೇಡ ಎನ್ನಲಾರದೆ ಇಬ್ಬರೂ ಎದ್ದರು. ಬೀಗಿತ್ತಿ ಕಷ್ಟಪಟ್ಟು ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಗೇಟಿನವರೆಗೆ ನಾನೇ ಹೋಗಿ ಕಳಿಸಿಬಂದೆ. ಹಾಗೆ ಕಳೆದ ಒಂದೊಂದು ನಿಮಿಷವೂ ಒಳಗೆ ಮಲಗಿದ್ದ ಆ ಕೂಸಿನದು.

ಅವರು ರಸ್ತೆ ದಾಟಿದ್ದನ್ನು ನೋಡಿಕೊಂಡು ಓಡಿದೆ. ಬಾಗಿಲ ಹತ್ತಿರ ನಿಂತಿದ್ದ ಶಾಂತಾಳನ್ನು ಸರಿಸಿ ಬಾಗಿಲು ಬಡಿದೆ. ಡಾಕ್ಟರಮ್ಮನ ಕೈಗೆ ಸ್ಟ್ರಿಪ್ಪು ಕೊಟ್ಟೆ. "ಮಗಳು ಇದರಲ್ಲಿ ಮೂರು ತಗೊಂಡಿದ್ದಾಳೆ ಅನ್ಸತ್ತೆ" ಎಂದೆ.

ಅವರು ಹೆಸರು ಓದಿದರು. ಒಳಗೆ ತಿರುಗಿ ಸಿಸ್ಟರಿಗೆ ಇಂಗ್ಲಿಷಿನಲ್ಲಿ ಏನೇನೋ ಕೂಗಿ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, "ಯಾವಾಗ ಗೊತ್ತಾಯ್ತು ನಿಮಗೆ?" ಎಂದರು.

"ಈಗ್ಲೇ" ಎಂದೆ. ಅದೂ ಸುಳ್ಳು.

ಆಮೇಲೆ ಏನೇನಾಯಿತು ಎಂಬುದನ್ನು ಡಾಕ್ಟರಮ್ಮ ಮಾರನೆಯ ದಿನ ಅವರ ರೂಮಿನಲ್ಲಿ ಕೂರಿಸಿ ಹೇಳಿದರು. ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ತಾಯಿ ನುಂಗಿದ ಆ ಮಾತ್ರೆ ತಾಯಿಯ ಹೊಟ್ಟೆಯಲ್ಲೇ ನಿಲ್ಲುವುದಿಲ್ಲ. ರಕ್ತದ ಜೊತೆ ಮಗುವಿಗೂ ಹೋಗುತ್ತದೆ. ನನ್ನಂಥ ದಾಂಡಿಗನ ಎದೆಯನ್ನು ತಗ್ಗಿಸುವ ಮಾತ್ರೆ ಅಂಗೈಯಗಲದ ಎದೆಯನ್ನು ಬಿಡುತ್ತದೆಯೇ? ಹುಟ್ಟಿದ ಮಗುವಿನ ಎದೆಬಡಿತ ನಿಧಾನ, ಉಸಿರು ಮಂದ, ಮೈ ತಣ್ಣಗೆ, ರಕ್ತದಲ್ಲಿ ಸಕ್ಕರೆ ಅಂಶ ಕಡಿಮೆ. ಸಕ್ಕರೆ ಇಳಿದದ್ದು ತಕ್ಷಣ ಗೊತ್ತಾಗದಿದ್ದರೆ ಮಿದುಳಿಗೇ ಪೆಟ್ಟು. ಮಾತ್ರೆಯ ಸುಳಿವು ಸಿಕ್ಕಿದ ಮೇಲೆ ಅವರು ಮೊದಲು ಪರೀಕ್ಷೆ ಮಾಡಿದ್ದು ಅದನ್ನೇ. ಹಣೆಯ ಪಕ್ಕದ ನರಕ್ಕೆ ಸೂಜಿ ಹಾಕಿ ಗ್ಲೂಕೋಸ್ ಕೊಟ್ಟರು.

ಇನ್ನು ವತ್ಸಲ. ಹೆರಿಗೆಯ ನಂತರ ಅವಳಿಗೆ ರಕ್ತ ಹೋಗುತ್ತಿತ್ತು. ಹಾಗೆ ರಕ್ತ ಹೋದರೆ ಯಾರದೇ ಆದರೂ ನಾಡಿ ಓಡತೊಡಗುತ್ತದಂತೆ. ಡಾಕ್ಟರುಗಳಿಗೆ ಅದೇ ಒಂದು ಎಚ್ಚರಿಕೆಯ ಗಂಟೆ. ಇವಳ ನಾಡಿ ಓಡಲೇ ಇಲ್ಲ.

"ಆ ಪಲ್ಸ್ ನಂಬ್ಕೊಂಡು ನಾವು ಮಗೂ ಕಡೇನೇ ಗಮನ ಕೊಟ್ಟಿದ್ವಿ ಸಾರ್. ನೀವು ಬಂದು ಹೇಳಿದ್ಮೇಲೆ ತಿರುಗಿ ನೋಡಿದ್ರೆ ಬಿ.ಪಿ. ಇಳಿದುಬಿಟ್ಟಿದೆ. ಆಮೇಲೆ ರಕ್ತ ಕೊಟ್ವಿ" ಎಂದರು ಡಾಕ್ಟರಮ್ಮ.

ಸಿಸ್ಟರು ಹೊಗಳಿದ ಸಮಾಧಾನ ಇದೇ. ನಾನು ಎದೆಯುಬ್ಬಿಸಿದ ಮನೆತನ ಇದೇ.

ಬಸುರಿಯರಿಗೆ ಈ ಮಾತ್ರೆ ವಿಷವೇ ಹಾಗಾದರೆ ಎಂದು ಕೇಳಿದೆ. ಅವರು ತಲೆಯಾಡಿಸಿದರು. "ಹಾಗಲ್ಲ. ಬಿ.ಪಿ. ಜಾಸ್ತಿ ಇರೋರಿಗೆ, ಹಾರ್ಟ್ ತೊಂದರೆ ಇರೋರಿಗೆ ನಾವೇ ಕೆಲವು ಸಲ ಕೊಡ್ತೀವಿ. ಅದು ಅವರ ಜೀವ ಉಳಿಸತ್ತೆ. ಆದ್ರೆ ಕೊಟ್ಟಿದ್ದೀವಿ ಅಂತ ನಮಗೆ ಗೊತ್ತಿರತ್ತೆ. ಮಗು ಹುಟ್ಟಿದ ತಕ್ಷಣ ಏನ್ ನೋಡ್ಬೇಕು ಅಂತ ರೆಡಿ ಆಗಿರ್ತೀವಿ. ಗೊತ್ತಿಲ್ದೆ ಇದ್ರೆ ನಾವೇನ್ ಮಾಡೋಣ ಹೇಳಿ?"

ಹೊರಡಲು ಎದ್ದಾಗ ಅವರು ಮೇಜಿನ ಮೇಲಿನ ಪೇಪರ್‌ವೆಯ್ಟ್ ತಿರುಗಿಸುತ್ತಾ ಹೇಳಿದರು. "ಧೈರ್ಯದ ಮಾತ್ರೆ ನಾನೂ ಓದಿದ್ದೆ ಸಾರ್. ಹೆರಿಗೆಗೆ ಹೋಗೋ ಹೆಣ್ಣು ಅನ್ನೋ ಕಡೆ ನಾನೂ ನಕ್ಕೆ. ಡಾಕ್ಟರಾಗಿ ನಿಮಗೆ ಒಂದು ಕಾಗದ ಬರೀಬೇಕಿತ್ತು. ಬರೀಲಿಲ್ಲ."

ಅವರು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು.

ಬೈಗುಳದ ಭಾಗವನ್ನು ಶಾಂತಾ ವಹಿಸಿಕೊಂಡಳು. ಎಲ್ಲ ಸೇರಿ ಮೂವತ್ತು ವರ್ಷದ್ದು ಇತ್ತು ಎಂದು ಕಾಣುತ್ತದೆ. ವಾರ್ಡಿನ ಹೊರಗೆ ನಿಂತು ದನಿ ತಗ್ಗಿಸದೆ ಕೇಳಿದಳು. "ನಿಮ್ಮನೆ ಹೆಂಗಸರು ಕೂಗಲ್ಲ ಅಂತ ಊರೆಲ್ಲ ಭಾಷಣ ಮಾಡ್ಕೊಂಡು ಬಂದ್ರಲ್ಲ, ವತ್ಸು ಹುಟ್ಟೋವಾಗ ನಾನು ಎಷ್ಟು ಕೂಗಿದೆ ಗೊತ್ತೇನ್ರೀ? ನನ್ನ ಬಾಯಿಗೆ ಟವೆಲ್ ತುರುಕಿದ್ದು ನಿಮ್ಮಮ್ಮ. ನೀವು ಆಚೆ ಜಗಲಿ ಮೇಲೆ ಪೇಪರ್ ಓದ್ತಾ ಇದ್ರಿ!"

ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದು ಒಂದು ಉತ್ತರವೇ? ಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ಎಂಬತ್ತರ ಹತ್ತಿರದ ಜೀವ, ಗೋಡೆ ಕಡೆ ಮುಖ ತಿರುಗಿಸಿತು. "ನನಗೂ ನಮ್ಮತ್ತೆ ತುರುಕಿದ್ರು ಕಣೋ. ಅದಕ್ಕೇ ಯಾರಿಗೂ ಕೇಳಿಸ್ಲಿಲ್ಲ" ಎಂದಿತು. ಅಮ್ಮ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮೂರನೆಯ ದಿನ ಮಗು ಅತ್ತಿತು. ಅದೇನು ಅಳು ಅಂತೀರಿ! ಕಾರಿಡಾರಿನ ಕೊನೆಯಲ್ಲಿದ್ದ ಆಯಾ ಕೈಯಲ್ಲಿನ ಬಕೆಟ್ ಕೆಳಗಿಟ್ಟು ನಕ್ಕಳು. ವತ್ಸಲ ಮಲಗಿದ್ದಲ್ಲೇ ಗಳಗಳ ಅತ್ತಳು. ನಾನು ಅವಳ ಮಂಚದ ಪಕ್ಕ ಕೂತು, ಯಾಕಮ್ಮ ಮೂರು ತಗೊಂಡೆ ಎಂದು ಕೇಳಿದೆ. ಬೆಳಿಗ್ಗೆ ಒಂದು ತಗೊಂಡಳಂತೆ. ಕೈ ನಡುಗುವುದು ನಿಂತಿತಂತೆ. ಹೊರಡುವ ಮುಂಚೆ ಇನ್ನೊಂದು. ಆಸ್ಪತ್ರೆಯ ಬಾತ್‌ರೂಮಿನಲ್ಲಿ, ಕರ್ಚೀಫಿನಲ್ಲಿ ಸುತ್ತಿ ತಂದಿದ್ದ ಕೊನೆಯದು.

"ಅತ್ತೆ ಬಂದ್ರು ಅಂತ ಗೊತ್ತಾಯ್ತಪ್ಪ. ಭಯ ಆಯ್ತು. ನಿನ್ನ ಹೆಸರು ಕೆಡಿಸಬಾರ್ದು ಅಂತ" ಎಂದಳು. "ನೀನೇ ಬರೆದಿದ್ದೆಯಲ್ಲ?"

ಬೀಗರಿಗೆ ಕೇಳಿಸಬಾರದು ಎಂದು ಮಗಳು ಮಾತ್ರೆ ನುಂಗಿದಳು. ಬೀಗರಿಗೆ ಕೇಳಿಸಬಾರದು ಎಂದು ಅಪ್ಪ ಮಾತು ನುಂಗಿದ. ಅವಳಿಗೆ ಇದನ್ನು ಕಲಿಸಿದವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ಮುಖ್ಯವಾದ ಮಾತು. ನನ್ನ ಹತ್ತಿರ ಮಾತ್ರೆಯ ಹೆಸರು ತರಿಸಿಕೊಂಡವರೇ, ದಯವಿಟ್ಟು ಆ ಕವರು ಹರಿದು ಹಾಕಿ. ನಿಮ್ಮ ಡಾಕ್ಟರು ನಿಮ್ಮನ್ನು ನೋಡಿ ಬರೆದುಕೊಟ್ಟಿದ್ದರೆ ನನ್ನ ಮಾತು ಕೇಳಿ ನಿಲ್ಲಿಸಬೇಡಿ, ದಿಢೀರನೆ ನಿಲ್ಲಿಸುವುದೂ ಅಪಾಯವಂತೆ. ನಾನು ಹೇಳಿದೆನೆಂದು ಶುರು ಮಾಡಿದ್ದರೆ ಇವತ್ತೇ ಹೋಗಿ ಡಾಕ್ಟರನ್ನು ಕಾಣಿ. ಮನೆಯಲ್ಲಿ ಬಸುರಿ ಇದ್ದು, ಅವಳು ಏನೇ ಮಾತ್ರೆ ತಗೊಂಡಿದ್ದರೂ, ಯಾರ ಮುಂದೆಯಾದರೂ ಸರಿ, ಬಾಯಿ ಬಿಟ್ಟು ಹೇಳಿ. ಪಕ್ಕದಲ್ಲಿ ಬೀಗರಲ್ಲ, ಸಾಕ್ಷಾತ್ ಬ್ರಹ್ಮ ಕೂತಿದ್ದರೂ ಹೇಳಿ.

ಇಷ್ಟು ಬರೆದು ಶಾಂತಾಳಿಗೆ ಓದಲು ಕೊಟ್ಟೆ. ಓದಿದಳು. ಹೊಗಳುತ್ತಾಳೆ ಎಂದು ಕಾದೆ. (ಬುದ್ಧಿ ಎಲ್ಲಿ ಹೋಗುತ್ತದೆ?)

"ಬೀಗರಿಗೆ ಹೇಳಿದ್ರಾ?" ಎಂದಳು.

"ಅವರ ಮನೆಗೂ ಈ ಪತ್ರಿಕೆ ಬರತ್ತಲ್ಲ. ಓದ್ಕೋತಾರೆ."

"ಥೂ ನಿಮ್ಮ! ಎದುರಿಗೆ ಕೂತು ಹೇಳೋಕೆ ಬಾಯಿಲ್ಲ, ಅಚ್ಚು ಹಾಕಿಸಿ ಹೇಳ್ತೀರಾ? ಮೊದ್ಲು ಎದ್ದು ಹೋಗಿ."

ಸ್ಕೂಟರ್ ಹತ್ತಿದೆ. ಜಯನಗರದಿಂದ ಬನಶಂಕರಿಗೆ ದಾರಿ ಅಷ್ಟು ಹತ್ತಿರ ಎಂದು ಆ ಸಂಜೆಯೇ ಗೊತ್ತಾದದ್ದು. ಬೀಗರು ಹೊರಗೆ ಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಸಂಭ್ರಮದಿಂದ ಒಳಗೆ ಕರೆದುಕೊಂಡು ಹೋಗಿ ಫ್ಯಾನ್ ಹಾಕಿದರು. ಬೀಗಿತ್ತಿ ಮಗು ಹೇಗಿದೆ, ಹಾಲು ಕುಡಿಯುತ್ತಾ ಎಂದು ವಿಚಾರಿಸುತ್ತಲೇ ಅಡುಗೆಮನೆಗೆ ಹೋದರು.

ನಾನು ಹೇಳಿದೆ. ಮಾತ್ರೆ, ಅಂಕಣ, ಸೋಪಿನ ನೊರೆ, ಸ್ಟ್ರಿಪ್ಪು, ಕಾಫಿ. ಒಂದೂ ಬಿಡಲಿಲ್ಲ, ಒಂದು ಜೋಕೂ ಹಾಕಲಿಲ್ಲ. ಎದೆ ಡವಡವ ಅನ್ನುತ್ತಿತ್ತು, ಕೈ ನಡುಗುತ್ತಿತ್ತು. ಮಾತ್ರೆ ತೆಗೆದುಕೊಂಡಿರಲಿಲ್ಲ.

ಬೀಗರು ಕೊನೆಯವರೆಗೆ ನೆಲ ನೋಡುತ್ತಾ ಕೇಳಿದರು. ಬೀಗಿತ್ತಿ ಕಾಫಿ ತಂದವರು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಬಂದು ನನ್ನ ಮುಂದೆ ಲೋಟ ಇಟ್ಟರು. "ತಗೊಳ್ಳಿ" ಎಂದರು. ನನಗೆ ಕೈ ಚಾಚಲಾಗಲಿಲ್ಲ.

ಬೀಗರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಿಜವಾಗಿಯೂ ತಿಳಿಯದ ಒಂದು ವಿಷಯವನ್ನು ವಿಚಾರಿಸುವ ಹಾಗೆ ಕೇಳಿದರು.

"ಅಲ್ಲ ರಾಯರೇ, ಆವತ್ತು ನಾವು ಕಾಫಿ ಬೇಡ ಅಂತ ಅಲ್ಲೇ ಕೂತುಬಿಟ್ಟಿದ್ರೆ?"